ಒಂದನೇ ಗೇರಿನಲ್ಲಿ ನಿಂತ ಕಾರು

೨ ಆಗಸ್ಟ್ ೨೦೦೩, ಶನಿವಾರ

ಹಳೇ ಗೇರ್‌ಬಾಕ್ಸ್ ಇಳಿಸಿದ್ದಾಯ್ತು. ಆಟೋಮ್ಯಾಟಿಕ್ಕು, ಮಹಾ ಭಾರ. ಒಂದು ಕಡೆ ಜ್ಯಾಕು, ಇನ್ನೊಂದು ಕಡೆ ಮಗ ವಿನೀತ್. ಮೈಯೆಲ್ಲ ಎಣ್ಣೆ. ಲಂಡನ್ನಿನ ಪಾರ್ಕ್ ರಾಯಲ್‌ನ ಈ ತಗಡಿನ ಶೆಡ್ಡು ಕಾದ ಕಾವಲಿ ಆಗಿದೆ.

ಕಾರು ಶಾಂತಪ್ಪನವರದ್ದು. ೧೯೬೮ರ ಮಸ್ಟಾಂಗ್, ಕೆಂಪು. ಮನುಷ್ಯ ವಿಜಾಪುರದವರು, ಹ್ಯಾರೋದಲ್ಲಿ ಹಲ್ಲಿನ ಡಾಕ್ಟರು. ತನ್ನಷ್ಟಕ್ಕೆ ಓಡುತ್ತಿದ್ದ ಗಾಡಿಗೆ ಕ್ಲಚ್ಚು, ಗೇರು ಹಾಕಿಸಬೇಕಂತೆ. "ಗೇರ್ ಇಲ್ಲದ ಗಾಡಿ ಅಂದ್ರ ಮಂದಿ ತುತ್ತು ಮಾಡಿ ಬಾಯಾಗ ಇಟ್ಟಂಗ್ರೀ ಕರುಣಾಕರ್" ಅಂದರು. ಬಂದಾಗಲೆಲ್ಲ ಅವರದ್ದೊಂದು ಚಟ — ಒಳಗೆ ಕೂರುವುದಿಲ್ಲ. ಕಿಟಕಿಯಿಂದ ಕೈ ಹಾಕಿ ಕೀ ತಿರುಗಿಸುವುದು, ಹೊರಗೆ ನಿಂತು ಇಂಜಿನ್ ಸದ್ದು ಕೇಳಿ ತಲೆದೂಗುವುದು.

ಮೂವತ್ತು ವರ್ಷ ಗ್ಯಾರೇಜ್ ಕೆಲಸ ಮಾಡಿದೆ, ಒಂದು ಸಾಲು ಬರೆದಿಟ್ಟವನಲ್ಲ. ಈಗ ಬರೆಯುತ್ತಿದ್ದೇನೆ. ಯಾಕೆ ಅಂತ ಹೆಂಡತಿ ಗುಲಾಬಿಗೂ ಹೇಳಿಲ್ಲ. ಪುಸ್ತಕ ಕೆಲಸದ ಬ್ಯಾಗಿನ ತಳದಲ್ಲಿ.

೧೦ ಆಗಸ್ಟ್, ಭಾನುವಾರ

ಇಂಥ ಸೆಕೆ ಲಂಡನ್ನಿನಲ್ಲಿ ಕಂಡದ್ದೇ ಇಲ್ಲ. ಬೆಳಿಗ್ಗೆ ಹಾಲು ಒಲೆ ಮೇಲಿಟ್ಟು ಶೆಡ್ಡಿಗೆ ಬಂದುಬಿಟ್ಟೆ. ಗುಲಾಬಿ ಫೋನ್ ಮಾಡಿದಳು. "ಎಂತ ಮಾರಾಯ್ರೆ, ಮನೆ ಸುಡ್ಲಿಕ್ಕೆ ಹೊರಟಿದ್ರಾ?" ನಕ್ಕಳು. ನಾನೂ ನಕ್ಕೆ.

ಈ ತಿಂಗಳಲ್ಲಿ ಇದು ಮೂರನೇ ಸಲ. ಅವಳಿಗೆ ಗೊತ್ತಿರುವುದು ಒಂದೇ.

ಅಣ್ಣ ವೇಣುಗೋಪಾಲನಿಗೂ ಹೀಗೇ ಶುರುವಾದದ್ದು. ಹಾಲು, ಚಪ್ಪಲಿ, ಬೀಗದ ಕೈ. ಕೊನೆಗೆ ಕುಂದಾಪುರಕ್ಕೆ ಹೋದಾಗ ನನ್ನನ್ನು ನೋಡಿ ಕೈ ಮುಗಿದ. ಯಾರೋ ದೊಡ್ಡವರು ಬಂದಿದ್ದಾರೆ ಅಂತ. ಹೆದರಿಕೆ ಆಗುತ್ತದೆ. ಬರೆದರೆ ಸ್ವಲ್ಪ ಕಡಿಮೆ ಆಗುತ್ತದೆ.

೬ ಸೆಪ್ಟೆಂಬರ್, ಶನಿವಾರ

ಹೊಸ ಗೇರ್‌ಬಾಕ್ಸ್ ಕೂತಿತು. ಕ್ಲಚ್ ಪೆಡಲೂ ಆಯ್ತು. ಆದರೆ ಇವತ್ತು...

ಆಟೋಮ್ಯಾಟಿಕ್ ಕಾರು ಪಾರ್ಕ್‌ನಲ್ಲೋ ನ್ಯೂಟ್ರಲ್‌ನಲ್ಲೋ ಇಲ್ಲದಿದ್ದರೆ ಸ್ಟಾರ್ಟೇ ಆಗುವುದಿಲ್ಲ. ಅದಕ್ಕೊಂದು ಸ್ವಿಚ್ ಇರುತ್ತದೆ. ಹಳೇ ಗೇರ್‌ಬಾಕ್ಸ್ ಜೊತೆ ಅದೂ ಹೋಯ್ತು. ಸದ್ಯಕ್ಕೆ ಅಂತ ಆ ಸ್ವಿಚ್ಚಿನ ಎರಡು ವಯರ್ ಸುತ್ತಿ ಟೇಪ್ ಹಾಕಿದ್ದೆ; ಈಗ ಯಾವ ಗೇರಿನಲ್ಲಿದ್ದರೂ ಸ್ಟಾರ್ಟ್ ಆಗುತ್ತದೆ. ಶಾಂತಪ್ಪನವರ ಹಾಗೇ ಕಿಟಕಿಯಿಂದ ಕೈ ಹಾಕಿ ಕೀ ತಿರುಗಿಸಿದೆ. ಕಾರು ಒಂದನೇ ಗೇರಿನಲ್ಲಿತ್ತು, ನೋಡಿರಲಿಲ್ಲ. ಒಂದೇ ನೆಗೆತ. ಎದುರಿನ ಮೇಜಿಗೆ ಗುದ್ದಿ ನಿಂತಿತು. ಅರ್ಧ ನಿಮಿಷ ಮುಂಚೆ ವಿನೀತ್ ಅದೇ ಮೇಜಿಗೆ ಒರಗಿ ಚಾ ಕುಡಿಯುತ್ತಿದ್ದ.

ಕ್ಲಚ್ಚಿಗೊಂದು ಸ್ವಿಚ್ ಹಾಕಬೇಕು. ಕ್ಲಚ್ ತುಳಿಯದೆ ಕೀ ತಿರುಗಿಸಿದರೆ ಸ್ಟಾರ್ಟ್ ಆಗಲೇಬಾರದು. ಅದನ್ನು ಹಾಕದೆ ಕಾರು ಕೊಡಬೇಡ. ಮರೀಬೇಡ ಕರುಣಾಕರ.

೧೮ ಸೆಪ್ಟೆಂಬರ್, ಗುರುವಾರ

ವಿನೀತ್ ಜೊತೆ ಸೌತ್‌ಹಾಲ್‌ಗೆ ಹೋಗಿ ಕ್ಲಚ್ ಸ್ವಿಚ್ ತಂದೆ. ನಾಳೆ ಹಾಕುವುದು.

೨೮ ಸೆಪ್ಟೆಂಬರ್, ಭಾನುವಾರ

ನಿನ್ನೆ ಕಾರು ಮುಟ್ಟಿಸಿದೆ. ನಾನೇ ಓಡಿಸಿಕೊಂಡು ಹೋದೆ. ಅವರ ಮನೆ ಎದುರು ಇಳಿಜಾರು, ಹ್ಯಾಂಡ್‌ಬ್ರೇಕ್ ಹಳೇದು. ಒಂದನೇ ಗೇರಿಗೆ ಹಾಕಿ ನಿಲ್ಲಿಸಿ, ಯಾವಾಗಲೂ ಹೀಗೇ ನಿಲ್ಲಿಸಿ ಅಂತ ಹೇಳಿ ಬಂದೆ.

ಶಾಂತಪ್ಪನವರಿಗೆ ಖುಷಿಯೋ ಖುಷಿ. "ಪೂಜಾ ಆಗೋಮಟ ನಾ ಮುಟ್ಟಂಗಿಲ್ರಿ. ಶನಿವಾರ ಆಯುಧಪೂಜಾ, ಹನ್ನೊಂದಕ್ಕ. ನೀವೆಲ್ಲಾ ಬರಬೇಕು, ಗುಲಾಬಿ ಅಕ್ಕಾರ ಆರತಿ ಮಾಡಬೇಕು." ಗುಲಾಬಿ ಆಗಲೇ ಸೀರೆ ತೆಗೆದಿಟ್ಟಿದ್ದಾಳೆ.

೧ ಅಕ್ಟೋಬರ್, ಬುಧವಾರ

ಸ್ಕ್ರೂ ಹುಡುಕಲು ಡಬ್ಬಿ ತೆಗೆದೆ. ಒಳಗೆ ಕ್ಲಚ್ ಸ್ವಿಚ್. ಹೊಸದು. ಪ್ಯಾಕೆಟ್ ಒಡೆದಿಲ್ಲ.

ದೇವರೇ.

೨ ಅಕ್ಟೋಬರ್, ಗುರುವಾರ

ಪುಸ್ತಕ ತಿರುವಿ ನೋಡಿದೆ. ೧೮ಕ್ಕೆ "ನಾಳೆ ಹಾಕುವುದು" ಅಂತಿದೆ. ಆಮೇಲೆ ಒಮ್ಮೆಗೇ ೨೮. ನಡುವೆ ಒಂದಕ್ಷರ ಇಲ್ಲ. ಓಡಿಸುವಾಗ ಕ್ಲಚ್ ತುಳಿದೇ ಸ್ಟಾರ್ಟ್ ಮಾಡುತ್ತೇನೆ, ಅದು ನನ್ನ ಅಭ್ಯಾಸ. ಹಾಗಾಗಿ ಗೊತ್ತೇ ಆಗಲಿಲ್ಲ.

ಶನಿವಾರ ಏನಾಗುತ್ತದೆ ಅಂತ ಕಣ್ಣಿಗೆ ಕಟ್ಟುತ್ತದೆ. ಚಕ್ರದ ಅಡಿಗೆ ನಿಂಬೆಹಣ್ಣು. ಎದುರು ಗುಲಾಬಿ, ಕೈಯಲ್ಲಿ ತಟ್ಟೆ. ಅವಳ ಸುತ್ತ ಹೆಂಗಸರು, ಮಕ್ಕಳು. ಶಾಂತಪ್ಪ ಕಿಟಕಿಯಿಂದ ಕೈ ಹಾಕುತ್ತಾರೆ...

ಒಂದು ಫೋನ್ ಮಾಡಿದರೆ ಮುಗಿಯಿತು. ಮಾಡಲಿಲ್ಲ. ಮರೆತೆ ಅಂತ ಹೇಳಬೇಕಲ್ಲ. ಹೇಳಿದರೆ ವಿನೀತ್ ಶೆಡ್ ಮುಚ್ಚಿಸುತ್ತಾನೆ. ಜಿಪಿ ಡಾಕ್ಟರ ಹತ್ತಿರ ಕರೆದೊಯ್ಯುತ್ತಾನೆ. ಜಿಪಿ ಇವತ್ತು ಯಾವ ವಾರ ಅಂತ ಕೇಳುತ್ತಾನೆ. ಥೂ, ಎಂಥ ಹೇಡಿ ನಾನು.

ನಾಳೆ ನಾನೇ ಹೋಗಿ ಹಾಕಿ ಬರುತ್ತೇನೆ. ಹತ್ತು ನಿಮಿಷದ ಕೆಲಸ.

೩ ಅಕ್ಟೋಬರ್, ಶುಕ್ರವಾರ

ಹೋಗಿದ್ದೆ. ಕಾರು ಫಳಫಳ ಹೊಳೆಯುತ್ತಿದೆ. ಬೀಗ. ಅವರ ಹೆಂಡತಿ ಚನ್ನಬಸವ್ವ ಬಾಗಿಲು ತೆಗೆದರು. "ಕೀಲಿ ಅವರ ಕಡೇನ ಐತ್ರಿ ಅಣ್ಣಾರ, ಕ್ಲಿನಿಕ್ಕಿಗೆ ಹೋಗ್ಯಾರ. ಏನರ ಉಳದೈತೇನ್ರಿ?"

ಏನಿಲ್ಲ, ಸುಮ್ಮನೆ ನೋಡಿ ಹೋಗೋಣ ಅಂತ ಬಂದೆ ಅಂದೆ. ಚಾ ಕೊಟ್ಟರು. ಕುಡಿದೆ. ಬಂದೆ.

ನಾಳೆ ಹತ್ತಕ್ಕೇ ಅಲ್ಲಿರುತ್ತೇನೆ. ಕೀ ಕೇಳುತ್ತೇನೆ. ಕೊಡದಿದ್ದರೆ ಹೇಳಿಯೇ ಬಿಡುತ್ತೇನೆ.

೪ ಅಕ್ಟೋಬರ್, ಬೆಳಿಗ್ಗೆ ೮.೧೦

ಗುಲಾಬಿ, ವಿನೀತ್ ಏಳಕ್ಕೇ ಹೋದರು, ಅಡುಗೆಗೆ ಸಹಾಯಕ್ಕೆ. ಈಗ ಅವಳ ಫೋನ್. "ಪೂಜೆ ಬೇಗ ಮಾಡ್ತ್ರಂತೆ. ಒಂಬತ್ತಕ್ಕೆ ರಾಹುಕಾಲ ಬತ್ತ್ ಅಂತ ಮೊದಲೇ ಮುಗಿಸುದಂತೆ. ನೀವು ನಿಧಾನ ಬನ್ನಿ." ಕಾರಿನ ಎದುರು ನಿಲ್ಲಬೇಡ ಅನ್ನುವಷ್ಟರಲ್ಲಿ ಇಟ್ಟುಬಿಟ್ಟಳು. ತಿರುಗಿ ಮಾಡಿದೆ, ವಿನೀತ್‌ಗೂ ಮಾಡಿದೆ. ಬರೀ ರಿಂಗು. ಹೊರಟೆ.

೪ ಅಕ್ಟೋಬರ್, ಸಂಜೆ

ಬಸ್ಸಿಳಿದು ಓಡಿದೆ. ಗೇಟಿನ ಹತ್ತಿರ ಹೋಗುವಾಗ ಗಂಟೆ ಬಾರಿಸುತ್ತಿದ್ದರು. ಗುಲಾಬಿ ಬಂಪರಿನ ಎದುರೇ, ತಟ್ಟೆ ಎತ್ತಿ. ಶಾಂತಪ್ಪನವರ ಕೈ ಕಿಟಕಿಯೊಳಗೆ. ಕೂಗಿದೆ. ಗಂಟೆಯ ಗದ್ದಲ, ಯಾರಿಗೂ ಕೇಳಿಸಲಿಲ್ಲ. ನುಗ್ಗಿ ಹೋಗಿ ಗುಲಾಬಿಯನ್ನು ದೂಡಿದೆ. ಆರತಿ ತಟ್ಟೆ ನೆಲಕ್ಕೆ ಬಿತ್ತು. ಬಾನೆಟ್ಟಿಗೆ ಎರಡೂ ಕೈ ಒತ್ತಿ ಕಣ್ಣು ಮುಚ್ಚಿದೆ.

ಏನೂ ಆಗಲಿಲ್ಲ.

ಕಣ್ಣು ಬಿಟ್ಟರೆ ಶಾಂತಪ್ಪ ಕೀ ತಿರುಗಿಸುತ್ತಲೇ ಇದ್ದಾರೆ. "ಏನ್ರೀ ಇದು, ಸ್ಟಾರ್ಟ್ ಆಗವಲ್ದು!"

ಎಲ್ಲ ಹೇಳಿದೆ. ಅಷ್ಟು ಜನರೆದುರು. ಸ್ವಿಚ್ ಹಾಕಿಲ್ಲ, ಮರೆತೆ, ಮರೆತದ್ದನ್ನು ಮುಚ್ಚಿಟ್ಟೆ ಅಂತ. ವಿನೀತ್ ಕಾರಿನೊಳಗೆ ಬಗ್ಗಿ ಪೆಡಲಿನ ಹತ್ತಿರ ಟಾರ್ಚ್ ಬಿಟ್ಟ. "ಡ್ಯಾಡ್, ಇಟ್ಸ್ ಫಿಟೆಡ್. ವಿ ಬಾಟ್ ಟೂ, ರಿಮೆಂಬರ್? ಯು ವಾಂಟೆಡ್ ಎ ಸ್ಪೇರ್." ಎರಡು ತಂದಿದ್ದೆವಂತೆ; ಡಬ್ಬಿಯಲ್ಲಿ ಸಿಕ್ಕಿದ್ದು ಹೆಚ್ಚಿನದು.

ಹೋ ಅಂತ ನಗು. ಶಾಂತಪ್ಪ ಬೆನ್ನು ತಟ್ಟಿದರು. ಹೊಸ ತಟ್ಟೆ ಬಂತು. ಗುಲಾಬಿ ಮಾತ್ರ ನಗಲಿಲ್ಲ. ನನ್ನನ್ನೇ ನೋಡುತ್ತಿದ್ದಳು.

ಆಮೇಲೆ ನಾನೂ ಬಗ್ಗಿ ನೋಡಿದೆ. ಸ್ವಿಚ್ ಇದೆ. ಅಚ್ಚುಕಟ್ಟು ಕೆಲಸ. ಟೇಪಿನ ತುದಿಯನ್ನು ಸ್ವಲ್ಪ ಮಡಚಿಟ್ಟಿದೆ, ಮುಂದೆ ಬಿಚ್ಚುವವನಿಗೆ ಸುಲಭ ಆಗಲಿ ಅಂತ. ಹಾಗೆ ಮಡಚುವುದು ನಾನು. ನನ್ನದೇ ಕೈ. ನನಗೆ ನೆನಪಿಲ್ಲ. ಒಂದು ಚೂರೂ ಇಲ್ಲ. ಮರೆತದ್ದು ಕೆಲಸವನ್ನಲ್ಲ, ಕೆಲಸ ಮಾಡಿದ್ದನ್ನು. ಬೆಳಗಿನ ಹೆದರಿಕೆಯೇ ವಾಸಿಯಿತ್ತು.

ಗುಲಾಬಿ ಬಾಗಿಲ ಹತ್ತಿರ ಬಂದು ನಿಂತಿದ್ದಾಳೆ. ಪುಸ್ತಕ ಕಂಡಳು. "ಎಂತ ಬರೀತಿದ್ರಿ?"

ಕೂತ್ಕೊ ಅಂದೆ. ಅವಳಿಗೆ ಎಲ್ಲ ಹೇಳುತ್ತೇನೆ, ಅಣ್ಣನ ವಿಷಯದಿಂದಲೇ. ಅದಕ್ಕೆ ಮೊದಲು ಆ ಬಿಟ್ಟುಹೋದ ದಿನಗಳನ್ನು ತುಂಬಿಬಿಡುತ್ತೇನೆ. ಒಂದೊಂದಾಗಿ ಬರುತ್ತದೆ.

೧೯ ಸೆಪ್ಟೆಂಬರ್, ಶುಕ್ರವಾರ. ಎದ್ದೆ. ಚಾ ಕುಡಿದೆ. ಶೆಡ್ಡಿಗೆ ಹೋದೆ. ಬಾಗಿಲು ತೆಗೆದೆ. ಆಮೇಲೆ