ಬೆರಳಗಲದ ಸಂದು

ಸೆಪ್ಟೆಂಬರ್ ೧೪, ಮೊಂಟಾನಾ

ಮೈಯೆಲ್ಲ ಸೋತಿದೆ. ಆದರೂ ಬೆಳಗಿನ ಆ ಸಂದು ಕಣ್ಣಿಂದ ಹೋಗುತ್ತಿಲ್ಲ.

ಟ್ರಕ್ಕಿಗೆ ಟ್ರೈಲರ್ ಕಟ್ಟುವವರ ಗಮನ ತಪ್ಪದಿರಲೆಂದು ಅವರನ್ನು ಯಾರೂ ಮಾತಾಡಿಸಬಾರದೆಂಬುದು ಕ್ಯಾಂಪುಗಳ ಕಟ್ಟಳೆ. ಆರ್ಲೋ ಮಾವ ಇಳಿಜಾರಿನಲ್ಲೇ ಕಟ್ಟುತ್ತಿದ್ದರು. ಟ್ರೈಲರಿನ ಪಿನ್ನು ಟ್ರಕ್ಕಿನ ಕೊಂಡಿಯ ದವಡೆಯೊಳಗೆ ಇಳಿಯದೆ ಮೇಲೆಯೇ ಕೂತಿತ್ತು. ನಡುವೆ ಬೆರಳಗಲದ ಸಂದು. ನನಗೆ ಕಂಡಿತು, ಕಟ್ಟಳೆ ನೆನೆದು ಬಾಯಿ ಬಿಡಲಿಲ್ಲ. ಮಾವ ಟ್ರೈಲರಿನ ಭಾರ ಹೊತ್ತಿದ್ದ ಮುಂಗಾಲುಗಳನ್ನು ಎತ್ತತೊಡಗಿದರು. ಊರಿನ ಮನೆ ಮಾರಿದ ಮೇಲೆ ಅವರಿಗೂ ವರ್ನಾ ಅತ್ತೆಗೂ ಮನೆಯೆಂದರೆ ಆ ಟ್ರೈಲರೇ.

"ಮಾವಾ, ನಿಲ್ಸಿ!" ಎಂದು ಕಿರುಚಿದೆ.

ಮಾವ ಬಗ್ಗಿ ನೋಡಿ, ಸಂದಿನಲ್ಲಿ ಬೆರಳಿಟ್ಟರು. "ಘಾಟಿಲಿ ಕಳಚ್ಕೊಂಡಿದ್ರೆ..." ಅಂದರು.

"ನಾಲ್ಕು ವರ್ಷ ಸಾಹಿತ್ಯ ಓದಿದೋಳು ಕೊನೆಗೂ ಬಾಯಿಬಿಟ್ಲಪ್ಪ!" ಎಂದು ವರ್ನಾ ಅತ್ತೆ ನಕ್ಕರು.

ನೆಲ ಸಮವಿದ್ದ ಕಡೆ ಮತ್ತೆ ಕಟ್ಟಿ, ಜಗ್ಗಿ ನೋಡಿ, ಕಡಿಮೆ ಗೇರಿನಲ್ಲಿ ಹನ್ನೆರಡು ಮೈಲಿ ಘಾಟಿ ಇಳಿದೆವು. ರಾತ್ರಿ ಊಟವಾದ ಮೇಲೆ ಮಾವ, "ನಾಳೆಯಿಂದ ನಾನು ಕಟ್ಟೋವಾಗ ನೀನೊಬ್ಳು ಮಾತಾಡ್ಬಹುದು ಕಣೆ" ಅಂದರು.

ಕಿರುಚುವ ಮುಂಚೆ ಎಷ್ಟು ಹೊತ್ತು ನೋಡುತ್ತ ಸುಮ್ಮನೆ ನಿಂತಿದ್ದೆನೆಂದು ಅವರಿಗೆ ಹೇಳಿಲ್ಲ. ಹೇಳಬೇಕು. ಈಗ ಕಣ್ಣು ಎಳೆಯುತ್ತಿದೆ, ನಾಳೆ ಬೆಳಿಗ್ಗೆ, ಕಟ್ಟುವ ಮುಂಚೆಯೇ...