ದ್ವಿತೀಯಾರ್ಧಕ್ಕೆ ಇಳಿಯಬೇಡಿ, ಮುತ್ಯಾ

ಬೆಳಗಾವಿ
2161ನೇ ಇಸವಿ, ಬಿಸಿಲುತಿಂಗಳ ಮೂವತ್ತೈದು, ಮಧ್ಯಾಹ್ನ ಮೂರು ಗಂಟೆ

ಪೂಜ್ಯ ಬಾಳಪ್ಪ ಮುತ್ಯಾ ಅವರಿಗೆ, ನಿಮ್ಮ ಮಗಳ ಮರಿಮಗಳು ನಿಂಗವ್ವನ ನಮಸ್ಕಾರಗಳು.

ತಾರೀಕು ನೋಡಿ ಗಾಬರಿಯಾಗಬೇಡಿ. ಬಿಸಿಲು ಮುಗಿಯುವವರೆಗೆ ನಾವು ತಿಂಗಳನ್ನೂ ಮುಗಿಸುವುದಿಲ್ಲ, ಅಷ್ಟೇ. ನನ್ನ ಕನ್ನಡ ವಿಚಿತ್ರವೆನಿಸಿದರೆ ಕ್ಷಮಿಸಿ. ಇದು ಹಿಂದಂಚೆಯಲ್ಲಿ, ಅಂದರೆ ಕಳೆದ ಕಾಲಕ್ಕೆ ಹೋಗುವ ಅಂಚೆಯಲ್ಲಿ ಬರುತ್ತಿದೆ. ಜೀವಮಾನಕ್ಕೆ ಒಬ್ಬರಿಗೆ ಒಂದೇ ಪತ್ರ. ನನ್ನದನ್ನು ನಿಮಗೆ ಬರೆಯುತ್ತಿದ್ದೇನೆ, ಏಕೆಂದರೆ ನನಗೂ ನಿಮ್ಮ ಹಾಗೆ ನಲವತ್ತಾರು, ನಾನೂ ಫುಟ್‌ಬಾಲ್ ಆಡುತ್ತೇನೆ, ಮತ್ತು ಇಂದು ಬೆಳಿಗ್ಗೆಯಿಂದ ನನ್ನ ಎದೆ ಬಿಗಿಯುತ್ತಿದೆ.

ನಮ್ಮೂರಲ್ಲಿ ಹುಲ್ಲಿರುವ ಮೈದಾನ ಒಂದೇ. ವರ್ಷಕ್ಕೊಮ್ಮೆ ಮೇಲಿನ ಓಣಿಗೂ ನಮ್ಮ ಕೆಳಗಿನ ಓಣಿಗೂ ಪಂದ್ಯ. ಗೆದ್ದ ಓಣಿಗೆ ವರ್ಷವಿಡೀ ಮೈದಾನ. ಆಡುವವರು ನಲವತ್ತು ದಾಟಿರಲೇಬೇಕು. ಹರೆಯದವರನ್ನು ಇಳಿಸಿದರೆ ಹೊಡೆದಾಟವಾಗುತ್ತಿತ್ತು. ನಮಗೆ ಜಗಳಕ್ಕೆ ಉಸಿರು ಉಳಿಯುವುದಿಲ್ಲ. ಚೆಂಡು ಎಲ್ಲಿ ಬೀಳುತ್ತದೆಂದು ಕಣ್ಣಿಗೆ ಮೊದಲೇ ಗೊತ್ತಾಗುತ್ತದೆ, ಕಾಲು ಮಾತ್ರ ಎರಡು ಹೆಜ್ಜೆ ತಡವಾಗಿ ಬರುತ್ತದೆ. ಗಕ್ಕನೆ ತಿರುಗಿದರೆ ತೊಡೆಯ ಹಿಂದಿನ ಸ್ನಾಯು ಹಿಡಿದುಕೊಳ್ಳುತ್ತದೆ. ಮಾರನೆಯ ದಿನ ಮೆಟ್ಟಿಲು ಇಳಿಯಲು ಗೋಡೆ ಬೇಕು, ಊಟಕ್ಕೆ ನೆಲದ ಮೇಲೆ ಕೂತರೆ ಏಳಿಸಲು ಇಬ್ಬರು ಬೇಕು. ಇದನ್ನೆಲ್ಲ ನಿಮಗೆ ಹೇಳಬೇಕಿಲ್ಲ.

ಪಂದ್ಯದ ಬೆಳಿಗ್ಗೆ ಪ್ರತಿಯೊಬ್ಬರೂ ಒಂದು ತಾಸು ಎದೆಪಟ್ಟಿ ಕಟ್ಟಿಕೊಳ್ಳಬೇಕು. ಅದು ಎದೆಬಡಿತವನ್ನು ಬರೆದುಕೊಳ್ಳುತ್ತದೆ. ಬಡಿತ ಹೆಚ್ಚುಕಡಿಮೆಯಾದವರನ್ನು ಪಂಚರು ಹೊರಗೆ ಕೂರಿಸುತ್ತಾರೆ. ಈ ಸಲ ನಮ್ಮಲ್ಲಿ ಸರಿಯಾಗಿ ಹನ್ನೊಂದೇ ಜನ. ಹಾಗಾಗಿ ನಾನು, ನಮ್ಮ ಓಣಿಯವರು ಹಿಂದಿನಿಂದಲೂ ಗುಟ್ಟಾಗಿ ಮಾಡುವ ಹಾಗೆ, ಪಟ್ಟಿಯನ್ನು ಎಮ್ಮೆಗೆ ಕಟ್ಟಿದೆ. ಮೆಲುಕು ಹಾಕುತ್ತ ಮಲಗಿದ ಎಮ್ಮೆಯ ಎದೆ ಎಷ್ಟು ಶಾಂತವೆಂದರೆ, ಪಂಚರು ಇದು ಇಪ್ಪತ್ತರ ಎದೆ ಎಂದು ನನ್ನ ಬೆನ್ನು ತಟ್ಟಿದರು. ನಗು ಬರಬೇಕಿತ್ತು, ಬರಲಿಲ್ಲ. ಎಡಗೈ ಜೋಮು ಹಿಡಿದಿತ್ತು. ನಾನು ಬೆವರು ಒರೆಸಿಕೊಳ್ಳುತ್ತಿದ್ದುದನ್ನು ಕಂಡು ನನ್ನ ಗಂಡ ಶಿವಲಿಂಗ ಏನಾಯಿತೆಂದು ಕೇಳಿದ.

"ಏನಿಲ್ಲ, ಗ್ಯಾಸ್ ಆಗೇತಿ. ಸೋಡಾ ಕುಡದ್ರ ಹೋಗ್ತೈತಿ" ಅಂದೆ.

ಅಂದ ಮೇಲೆ ಮೈ ಜುಮ್ಮೆಂದಿತು. ಇದು ನಿಮ್ಮ ಮಾತು. ನಮ್ಮ ಮನೆಯಲ್ಲಿ ಎಲ್ಲರಿಗೂ ಬಾಯಿಪಾಠ. ಬರುವ ಭಾನುವಾರ, ಮಧ್ಯಂತರದಲ್ಲಿ, ಗೆರೆಯಾಚೆ ನಿಂತು ಎದೆ ಒತ್ತಿಕೊಳ್ಳುತ್ತ ನೀವು ನಿಮ್ಮ ಹೆಂಡತಿಗೆ ಇದನ್ನೇ ಹೇಳುತ್ತೀರಿ. ಸೋಡಾ ಕುಡಿದು ದ್ವಿತೀಯಾರ್ಧಕ್ಕೆ ಇಳಿಯುತ್ತೀರಿ. ಅಲ್ಲಿಂದ ನಿಮ್ಮನ್ನು ಹೊತ್ತು ತರುತ್ತಾರೆ. ಆ ದಿನದ ಕೆಸರು ಮೆತ್ತಿದ ಬೂಟುಗಳನ್ನು ನಿಮ್ಮ ಹೆಂಡತಿ ತೊಳೆಯದೆ ಪೆಟ್ಟಿಗೆಯಲ್ಲಿಟ್ಟರು. ಅವು ಈಗಲೂ ನಮ್ಮ ಅಟ್ಟದ ಮೇಲಿವೆ. ನನಗೆ ಭಯವಾಗುತ್ತಿದೆ, ಮುತ್ಯಾ.

ಭಾನುವಾರ ಮೈದಾನ ಬಿಟ್ಟು ದವಾಖಾನೆಗೆ ಹೋಗಿ. ಮೈದಾನಕ್ಕೇ ಹೋದಿರಾದರೆ, ಮಧ್ಯಂತರದಲ್ಲಿ ಬೂಟು ಬಿಚ್ಚಿ, ಇದ್ದದ್ದು ಇದ್ದ ಹಾಗೆ ಹೇಳಿ. ನಿಮ್ಮ ಮಗಳಿಗೆ ಆಗಲೇ ಹನ್ನೊಂದು ವರ್ಷ. ಆದ್ದರಿಂದ ನೀವು ಬದುಕಿದರೆ ನಾನು ಹುಟ್ಟದೆ ಹೋದೇನೆಂಬ ಚಿಂತೆ ಬೇಡ. ನೀವು ಬದುಕಿದರೆ ಆ ಬೂಟುಗಳನ್ನು ಯಾರೂ ಎತ್ತಿಡುವುದಿಲ್ಲ. ಸವೆದು ಎಂದೋ ಕಸಕ್ಕೆ ಹೋಗಿರುತ್ತವೆ.

ನಾಲ್ಕಕ್ಕೆ ಸೀಟಿ. ಪತ್ರವನ್ನು ಅಂಚೆಗೆ ಹಾಕಿ ಬಂದು ಪೆಟ್ಟಿಗೆ ತೆರೆಯುತ್ತೇನೆ. ಖಾಲಿ ಇದ್ದರೆ ಎಮ್ಮೆಯ ವಿಷಯವನ್ನು ಪಂಚರಿಗೆ ಹೇಳಿ ಕೂತುಬಿಡುತ್ತೇನೆ. ಹತ್ತೇ ಜನ ಆಡಲಿ. ಬೂಟು ಅಲ್ಲೇ ಇದ್ದರೆ ನಾನೂ ಇಳಿಯುತ್ತೇನೆ. ಹಟದಲ್ಲಿ ನಾನು ನಿಮ್ಮವಳೇ, ನನ್ನನ್ನು ನಾನೇ ತಡೆಯಲಾರೆ.

ಕೂತುಕೊಳ್ಳಿ, ಮುತ್ಯಾ.