ಒಂಬತ್ತನೇ ಹಾಸಿಗೆಯ ರಕ್ತ

ಆಸ್ಪತ್ರೆಯ ನೆಲಮಾಳಿಗೆ, ಲ್ಯಾಬು
ಮಂಗಳವಾರ, ಮಧ್ಯಾಹ್ನ ಎರಡೂವರೆ

ನನ್ನ ಡ್ರೈವರ್ ಸಾಹೇಬರಿಗೆ,

ಹೇಗಿದ್ದೀರಿ? ಜ್ವರ ಬಿಟ್ಟಿತೇ? ಊಟ ಮುಟ್ಟಿದಿರೋ, ಇಲ್ಲ ಉಪ್ಪಿಲ್ಲವೆಂದು ಸಿಸ್ಟರ್ ಜೊತೆ ಜಗಳಕ್ಕೆ ನಿಂತಿರೋ? ನಿಮ್ಮ ಫೋನು ಬೆಳಗಿನಿಂದ ಸ್ವಿಚ್ ಆಫ್. ಚಾರ್ಜರ್ ಮರೆಯಬೇಡಿ ಎಂದು ಬಡಕೊಂಡೆ, ಕೇಳಿದರೆ ತಾನೇ! ಅದಕ್ಕೇ ಮಷೀನು ತಿರುಗುವ ಅರ್ಧ ಗಂಟೆಯಲ್ಲಿ ಇದನ್ನು ಗೀಚುತ್ತಿದ್ದೇನೆ. ರಕ್ತದ ಡಬ್ಬಿ ಇಳಿದು ಬರುವ ಸಣ್ಣ ಲಿಫ್ಟಿನಲ್ಲಿ ಮೇಲೆ ಕಳಿಸುತ್ತೇನೆ, ಸಿಸ್ಟರ್ ನಿಮ್ಮ ಕೈಗೆ ಕೊಡುತ್ತಾರೆ.

ಮೊದಲು ಸಿಹಿ ಸುದ್ದಿ. ಮೈಯೊಳಗಿನ ಉರಿಯೂತ ತೋರಿಸುವ ಸಿಆರ್‌ಪಿ ಎಂಬ ಅಂಕಿಯ ಬಗ್ಗೆ ಹೇಳಿದ್ದೆನಲ್ಲ, ಯಾರ ಸ್ಥಿತಿ ಬಿಗಡಾಯಿಸಲಿದೆ ಎಂದು ಎಷ್ಟೋ ಸಲ ಕೆಳಗಿರುವ ನಮಗೇ ಮೊದಲು ಗೊತ್ತಾಗುವುದು ಅದರಿಂದ. ಇಲ್ಲಿ ರಕ್ತದ ಕೊಳವೆಗೆ ಹಾಸಿಗೆಯ ನಂಬರೇ ಗುರುತು. ನೀವು ಒಂಬತ್ತು. ಶನಿವಾರ ಅರವತ್ತು ಇತ್ತು, ಭಾನುವಾರ ನೂರಹತ್ತು, ನಿನ್ನೆ ಬೆಳಿಗ್ಗೆ ನೂರ ಅರವತ್ತು. ನಿನ್ನೆ ಔಷಧದ ಫ್ರಿಜ್ಜಿನ ಹಿಂದೆ ನಿಂತು ಅತ್ತೆ ಕಣ್ರೀ. ಇವತ್ತು ಎಷ್ಟು ಗೊತ್ತೇ? ಎಂಟು! ಎರಡು ಸಲ ಓಡಿಸಿ ನೋಡಿದೆ, ಎಂಟೇ. ಒಂದೇ ದಿನಕ್ಕೆ ಇಷ್ಟು ಇಳಿದದ್ದನ್ನು ನಾನು ಕಂಡಿಲ್ಲ. ಆದರೂ ಒಳ್ಳೆಯದಾದಾಗ ಕೊಂಕು ಯಾಕೆಂದು ಬಾಯಿ ಮುಚ್ಚಿಕೊಂಡೆ. ನಾಲ್ಕು ಗಂಟೆಗೆ ನಿಮ್ಮನ್ನು ಮನೆಗೆ ಕಳಿಸುತ್ತಾರಂತೆ.

ಪಾಪ, ಪಕ್ಕದ ಹತ್ತನೇ ಹಾಸಿಗೆಯ ದರ್ಜಿಯದೇ ಚಿಂತೆ. ಮೂರು ದಿನದಿಂದ ಹತ್ತರ ಆಸುಪಾಸಿನಲ್ಲಿದ್ದ ಅವರ ಅಂಕಿ ಇವತ್ತು ಇದ್ದಕ್ಕಿದ್ದಂತೆ ಇನ್ನೂರು. ರಕ್ತ ಒಳಗೊಳಗೇ ಹೆಪ್ಪುಗಟ್ಟುತ್ತಿದೆಯೇ ಎಂದು ತಿಳಿಸುವ ಇನ್ನೊಂದು ಅಂಕಿಯೂ ಏರಿದೆ. ಇಂಥವರು ನಗುನಗುತ್ತಾ ಮಾತಾಡುತ್ತಿರುತ್ತಾರೆ, 'ನನಗೇನಾಗಿದೆ ಧಾಡಿ' ಎನ್ನುತ್ತಾರೆ. ಒಂದು ಮಾತು ಮುಗಿಸಲು ಮೂರು ಸಲ ಉಸಿರು ಎಳೆಯುತ್ತಿರುವುದು ಅವರ ಗಮನಕ್ಕೇ ಬರುವುದಿಲ್ಲ. ಅವರಿಗೆ ಏನೂ ಹೇಳಬೇಡಿ, ಹೆದರಿಯಾರು. ಒಂದು ವಿಚಿತ್ರ ಹೇಳಲೇ? ಅವರ ರಕ್ತದ ಕೊಳವೆ ಲಿಫ್ಟಿನಿಂದ ತೆಗೆದಾಗ ಇನ್ನೂ ಬೆಚ್ಚಗಿತ್ತು, ಕೆಳಗಿಡಲು ನನಗೆ ಮನಸ್ಸೇ ಬರಲಿಲ್ಲ. ಯಾರೋ ನನ್ನ ಕೈ ಹಿಡಿದುಕೊಂಡು ಬಿಡದೇ ಇದ್ದ ಹಾಗೆ. ದಿನಕ್ಕೆ ಮುನ್ನೂರು ಕೊಳವೆ ಮುಟ್ಟುವವಳು ನಾನು, ಹಿಂದೆಂದೂ ಹೀಗಾಗಿಲ್ಲ.

ಇನ್ನೊಂದು, ನಿನ್ನೆ ಸಂಜೆ ಫೋನಿನಲ್ಲಿ ನೀವು ಆಡಿದ ಮಾತು. 'ಸೂಜೀ, ಹಿಂದಿನ ಬಾಗಿಲಲ್ಲಿ... ಹಸಿರು ಸ್ವೆಟರ್ ಹಾಕ್ಕೊಂಡು... ಒಬ್ಬಳೇ ಟೀ ಕುಡೀತಿದ್ದೆಯಲ್ಲ' ಎಂದಿರಿ. ಕುಡಿಯುತ್ತಿದ್ದದ್ದು ನಿಜ, ಸ್ವೆಟರೂ ನಿಜ. ಗೋಡೆ ನೋಡುತ್ತಾ ಮಲಗಿರುವ ನಿಮಗೆ ಅದು ಹೇಗೆ ಕಂಡಿತು? ಕೇಳುವಷ್ಟರಲ್ಲಿ ಫೋನು ಕಟ್ಟಾಯಿತು. ಆಗಿನಿಂದ ಬೆನ್ನ ಹಿಂದೆ ಯಾರೋ ನಿಂತು ನೋಡುತ್ತಿದ್ದಾರೆ ಅನಿಸಿ ತಿರುಗಿ ತಿರುಗಿ ನೋಡುತ್ತಿದ್ದೇನೆ. ನಿಮ್ಮ ಕೀಟಲೆಯೇ ಇರಬೇಕು. ಮನೆಗೆ ಬನ್ನಿ, ವಿಚಾರಿಸಿಕೊಳ್ಳುತ್ತೇನೆ.

ಮಗಳು ನಿಮ್ಮ ಚಪ್ಪಲಿ ಬಾಗಿಲ ಬಳಿ ತಂದಿಟ್ಟು ಕಾಯುತ್ತಿದ್ದಾಳೆ. ದರ್ಜಿಯವರಿಗೆ ನನ್ನ ನಮಸ್ಕಾರ ಹೇಳಿ. ನೀವು ಚೆನ್ನಾಗಿರಿ, ನನಗೆ ಅಷ್ಟು ಸಾಕು.

ನಿಮ್ಮ
ಸೂಜಿ

ಮರೆತಿದ್ದೆ: ಕಾಗದ ಮಡಿಸುವಾಗ ಕೈ ನಿಂತುಹೋಯಿತು. ಹಿಂದಿನ ಬಾಗಿಲು ಕಾಣುವ ಕಿಟಕಿ ಇರುವುದು ಹತ್ತನೇ ಹಾಸಿಗೆಗೆ. ಇಪ್ಪತ್ತು ವರ್ಷ ಬಸ್ಸಿನ ಕಿಟಕಿ ಪಕ್ಕ ಕೂತ ಮಹಾರಾಯರೇ, ನಿನ್ನೆ ದರ್ಜಿಯ ಜೊತೆ ಹಾಸಿಗೆ ಬದಲಾಯಿಸಿಕೊಂಡಿರಾ? ಹಾಗಿದ್ದರೆ ಆ ಎಂಟು ದರ್ಜಿಯದು. ಇನ್ನೂರು ನಿಮ್ಮದು. ವಾರ್ಡಿನ ಫೋನು ಎಂಗೇಜ್ ಬರುತ್ತಲೇ ಇದೆ. ಪತ್ರ ಲಿಫ್ಟಿಗೆ ಹಾಕಿ ನಾನು ಮೆಟ್ಟಿಲು ಹತ್ತಿ ಓಡಿ ಬರುತ್ತಿದ್ದೇನೆ. ಅಷ್ಟರೊಳಗೆ ಮನೆಗೆ ಹೊರಡಿ ಎಂದು ನಿಮ್ಮ ಹೆಸರು ಕೂಗಿದರೆ ಏಳಬೇಡಿ. 'ಆ ರಕ್ತ ನನ್ನದಲ್ಲ' ಅನ್ನಿ. ಒಂದೇ ಉಸಿರಿಗೆ ಹೇಳಲಾಗದಿದ್ದರೆ ಬಿಟ್ಟು ಬಿಟ್ಟು ಹೇಳಿ.